ಸುಣ್ಣಕ್ಕೆ ತುತ್ತವೋ, ತುತ್ತಕ್ಕೆ ಸುಣ್ಣವೋ

ಬೆಳಿಗ್ಗೆಯಿಂದ ತಲೆಬಿಸಿ. ಮಳೆಗಾಲ ಬಾಗಿಲಿಗೆ ಬಂತು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಫೋನ್ ಎತ್ತುತ್ತಿಲ್ಲ. ಅದು ಬಿಡಿ, ಪ್ರತಿ ವರ್ಷದ್ದು. ಈ ತಲೆಬಿಸಿ ನಮ್ಮ ಅಡಿಕೆ ತೋಟದವರ ವಾಟ್ಸಾಪ್ ಗುಂಪಿನದು.

ನಿನ್ನೆ ರಾತ್ರಿ ಒಬ್ಬ ಹುಡುಗ ಅಲ್ಲಿ ಬೋರ್ಡೋ ಬಗ್ಗೆ, ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಕಲಸಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮದ್ದಿನ ಬಗ್ಗೆ, ಒಂದು ಪ್ರಶ್ನೆ ಕೇಳಿದ. ಬೆಂಗಳೂರಿನ ಕೆಲಸ ಬಿಟ್ಟು ಶಿರಸಿ ಕಡೆ ಅಪ್ಪನ ತೋಟಕ್ಕೆ ಬಂದವನು, ಇದು ಮೊದಲ ಮಳೆಗಾಲ. ‘ಬೋರ್ಡೋ ಮಾಡುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೇ ಹಾಕಬೇಕು ಅಂತಾರಲ್ಲ, ಸುಣ್ಣವನ್ನು ತುತ್ತಕ್ಕೆ ಹಾಕಿದರೆ ಏನಾಗುತ್ತದೆ? ದಯವಿಟ್ಟು ತಿಳಿಸಿ.’ ಇಷ್ಟೇ. ಇದರಲ್ಲಿ ಒಂದು ತಪ್ಪು ಹುಡುಕಿ ನೋಡೋಣ.

ಬೆಳಿಗ್ಗೆ ನೋಡಿದರೆ ಮೂವತ್ತೆಂಟು ಮೆಸೇಜು. ‘ಇದೂ ಗೊತ್ತಿಲ್ದೆ ತೋಟ ಮಾಡಲೆ ಬಂದ್ಯ ತಮಾ?’ ‘ಲ್ಯಾಪ್‌ಟಾಪಿಗೆ ಹೊಡಿ, ಕೊಳೆ ಬತ್ತಿಲ್ಲೆ.’ ಒಬ್ಬರು ಶುಭೋದಯದ ಗುಲಾಬಿ ಹಾಕಿದ್ದಾರೆ. ಇನ್ನೊಬ್ಬರು ಅಡಿಕೆ ರೇಟು ತೆಗೆದರು, ಅಲ್ಲಿಂದ ಮಾತು ಸೊಸೈಟಿ ಚುನಾವಣೆಗೆ ಹೋಯಿತು. ಮೂವತ್ತೆಂಟರಲ್ಲಿ ಉತ್ತರ ಎಷ್ಟು? ಸೊನ್ನೆ.

ಎಲ್ಲರಿಗಿಂತ ಜೋರಾಗಿ ಹಂಗಿಸಿದವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವಾಲಿಯಾಗಿ ಕೂತರೆ ಸಾಕ್ಷಾತ್ ರಾಮನನ್ನೇ ‘ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದ್ಯಾವ ಧರ್ಮ?’ ಎಂದು ಮುಕ್ಕಾಲು ಗಂಟೆ ಕೇಳುತ್ತಾರೆ. ಎದುರು ಕೂತ ರಾಮ ‘ಇದೂ ಗೊತ್ತಿಲ್ವಾ ಮಂಗಾ’ ಎಂದು ಎದ್ದು ಹೋದರೆ? ಪ್ರಸಂಗ ಅಲ್ಲಿಗೇ ಮುಗಿಯಿತು, ಅಲ್ವಾ?

‘ಈಗಿನವರಿಗೆ ಕೇಳುವ ಕ್ರಮ ಇಲ್ಲ, ಮೊದಲು ಗೂಗಲ್ ನೋಡಬೇಕು’ ಅಂತ ನನ್ನ ಭಾವನ ವಾದ. ಹೌದು, ಕೆಲವರು ವಕೀಲರ ಪಾಟೀಸವಾಲಿನ ಹಾಗೆ ಕೇಳುತ್ತಾರೆ, ಒಪ್ಪಿದೆ. ಈ ಹುಡುಗ ‘ದಯವಿಟ್ಟು’ ಅಂತ ಹಾಕಿದ್ದ ಮಾರಾಯಾ! ಇನ್ನು, ಗೂಗಲ್ಲೇ ಸಾಕು ಅಂತಾದರೆ ಈ ಗುಂಪು ಯಾಕೆ? ಗುಲಾಬಿಗಾ?

ಅಂದ ಹಾಗೆ, ಈ ಬೋರ್ಡೋ ನಮ್ಮ ಕೈಗೆ ಬಂದದ್ದೇ ಒಬ್ಬರು ಬಾಯಿಬಿಟ್ಟು ಕೇಳಿದ್ದರಿಂದ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿಗೆ ಬೂಜು ರೋಗ ಬಂದು ಎಲೆ ಉದುರುತ್ತಿತ್ತು. ರಸ್ತೆ ಪಕ್ಕದ ಬಳ್ಳಿ ಮಾತ್ರ ಹಸಿರು. ಮಿಲಾರ್ಡೆ ಎಂಬ ಪ್ರೊಫೆಸರ್ ತೋಟದವರನ್ನು ವಿಚಾರಿಸಿದರು. ಹೋಗಿಬರುವವರು ಹಣ್ಣು ಕದಿಯದಿರಲಿ ಎಂದು ತುತ್ತ, ಸುಣ್ಣ ಕಲಸಿ ಸಿಂಪಡಿಸಿದ್ದರಂತೆ. ‘ಪ್ರೊಫೆಸರಾಗಿ ಇದೂ ಗೊತ್ತಿಲ್ವಾ’ ಅಂತ ಅವರು ಅಟ್ಟಿದ್ದರೆ ನಮ್ಮ ಅಡಿಕೆ ಇನ್ನೂ ಕೊಳೆಯುತ್ತಲೇ ಇರುತ್ತಿತ್ತೋ ಏನೋ.

ಈಗ ಸತ್ಯ ಹೇಳಿಬಿಡುತ್ತೇನೆ. ಆ ಲ್ಯಾಪ್‌ಟಾಪ್ ಜೋಕಿಗೆ ನಗುವ ಮುಖ ಒತ್ತಿದವರಲ್ಲಿ ನಾನೂ ಒಬ್ಬ. ಯಾಕೆ ಗೊತ್ತಾ? ಉತ್ತರ ನನಗೂ ಗೊತ್ತಿರಲಿಲ್ಲ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಇಪ್ಪತ್ತು ವರ್ಷದಿಂದ ಸುಮ್ನೆ ಮಾಡಿಸುತ್ತಿದ್ದೇನೆ, ದೊಡ್ಡಪ್ಪ ಹೇಳಿದ ಹಾಗೆ. ದೊಡ್ಡಪ್ಪ ಮಾತ್ರ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಮನುಷ್ಯ. ಮದ್ದು ಹದಕ್ಕೆ ಬಂದದ್ದು ಹೇಗೆ ಗೊತ್ತಾಗ್ತದೆ ಎಂದು ಒಮ್ಮೆ ಕೇಳಿದ್ದೆ. ಬಾಯಲ್ಲಿದ್ದ ಕವಳ ಉಗಿದು ಬಂದರು. ಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು, ಅಲಗನ್ನು ನನ್ನ ಕಣ್ಣಿನ ಹತ್ತಿರ ತಂದರು. ‘ಕೆಂಪು ಕಂಡ್ತ ತಮಾ? ಸುಣ್ಣ ಸಾಕಾಯ್ದಿಲ್ಲೆ. ಇನ್ನೊಂಚೂರು ಹಾಕು.’

ಆಮೇಲೆ ಕೃಷಿ ಓದಿದ ಗೆಳೆಯನಿಗೆ ಫೋನ್ ಮಾಡಿದೆ. ತುತ್ತದ ನೀರನ್ನು ಸುಣ್ಣಕ್ಕೆ ನಿಧಾನ ಹುಯ್ದು ಕಲಕುತ್ತಾ ಹೋದರೆ ಕಣ ನುಣ್ಣಗಾಗಿ ನೀರಿನಲ್ಲೇ ನಿಲ್ಲುತ್ತದಂತೆ. ಉಲ್ಟಾ ಮಾಡಿದರೆ ದಪ್ಪ ಕಣವಾಗಿ ತಳ ಹಿಡಿಯುತ್ತದೆ, ಮದ್ದಿನ ಕಸುವೂ ಹೋಗುತ್ತದೆ. ನಗುವ ಮುಖ ತೆಗೆದು ಇದನ್ನು ಗುಂಪಿಗೆ ಹಾಕಿದೆ. ಕತ್ತಿಯ ವಿಷಯವನ್ನೂ ಸೇರಿಸಿದೆ.

ಹುಡುಗ ಕೂಡಲೇ ಬರೆದ. ‘ಥ್ಯಾಂಕ್ಸ್ ಅಣ್ಣಾ. ಕತ್ತಿ ಕಬ್ಬಿಣದ್ದೇ ಆಗಬೇಕಾ? ಅಡಿಗೆಮನೆ ಸ್ಟೀಲ್ ಚಾಕು ಆಗೋದಿಲ್ವಾ?’

ನಾನು ಕಬ್ಬಿಣದ್ದೇ ಅದ್ದಿದವನು. ಯಾರಾದರೂ ಸ್ಟೀಲಿನದು ಅದ್ದಿ ನೋಡಿದ್ದರೆ ಹೋಗಿ ಅವನಿಗೆ ಹೇಳಿ. ಗೊತ್ತಿಲ್ಲದವರು ಗುಲಾಬಿ ಹಾಕಿ, ಅಡ್ಡಿಲ್ಲ.