ತೆಳು ಕೆಂಪು ವೈನ್, ಬೋಜೊಲೆ ಮತ್ತು ನಮ್ಮ ತಟ್ಟೆ

ವೈನ್ ಕುಡಿಯುವ ನಮ್ಮ ಬಳಗದಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಕೆಂಪು ವೈನ್ ಎಂದ ಮೇಲೆ ಕಡುಬಣ್ಣದ್ದಾಗಿರಬೇಕು, ಬಾಯಲ್ಲಿ ಭಾರವಾಗಿ ಕೂರಬೇಕು, ಅದರ ಒಗರು ಒಸಡನ್ನು ಹಿಡಿಯಬೇಕು. ಅಂಥದ್ದೇ ದುಬಾರಿ, ಅಂಥದ್ದೇ ಶ್ರೇಷ್ಠ. ತೆಳು ಕೆಂಪು ವೈನನ್ನು ತಂದಿಟ್ಟರೆ "ಇದೇನು, ನೀರು ಬೆರೆಸಿದ ಹಾಗಿದೆಯಲ್ಲ" ಎಂದು ಮೂಗು ಮುರಿಯುತ್ತಾರೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಊಟದ ಜೊತೆ ಕುಡಿಯುವುದಕ್ಕೆ, ಅದರಲ್ಲೂ ನಮ್ಮಂಥ ಸೆಕೆಯ ಊರುಗಳಲ್ಲಿ, ತೆಳುವಾದದ್ದರಷ್ಟು ಹೊಂದಿಕೊಂಡು ಹೋಗುವ ಕೆಂಪು ವೈನ್ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಫ್ರಾನ್ಸಿನ ಬೋಜೊಲೆ ವೈನನ್ನೇ ಮುಂದಿಟ್ಟುಕೊಂಡು ಅದನ್ನು ವಿವರಿಸುತ್ತೇನೆ.

ಬೋಜೊಲೆ ಇರುವುದು ಲಿಯಾನ್ ನಗರದ ಉತ್ತರಕ್ಕೆ, ಬರ್ಗಂಡಿಗೆ ತಾಗಿಕೊಂಡಂತೆ. ಅಲ್ಲಿನ ಕೆಂಪು ವೈನಿಗೆ ಬಳಸುವ ದ್ರಾಕ್ಷಿ ಗಾಮೆ. ಸಿಪ್ಪೆ ತೆಳು, ಹುಳಿ ಜಾಸ್ತಿ, ಒಗರು ಕಡಿಮೆ. ಈ ದ್ರಾಕ್ಷಿಯನ್ನು ಕೀಳಾಗಿ ಕಾಣುವ ಚಾಳಿ ಇಂದಿನದಲ್ಲ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಎರಡನೆಯ ಫಿಲಿಪ್ ಇದನ್ನು ದ್ರೋಹದ ಗಿಡವೆಂದು ಜರೆದು, ತನ್ನ ಸೀಮೆಯಿಂದ ಕಿತ್ತೆಸೆಯಬೇಕೆಂದು ಆಜ್ಞೆ ಹೊರಡಿಸಿದ್ದ. ಆ ಡ್ಯೂಕ್ ಮೆಚ್ಚಿದ್ದು ಪಿನೊ ನ್ವಾರ್ ದ್ರಾಕ್ಷಿಯನ್ನು. ಆದರೆ ದಕ್ಷಿಣದ ಬೋಜೊಲೆ ಗುಡ್ಡಗಳ ಗ್ರಾನೈಟ್ ನೆಲಕ್ಕೆ ಗಾಮೆ ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ಇಂದು ಅದರ ಹೆಸರೆತ್ತಿದರೆ ನೆನಪಿಗೆ ಬರುವುದು ಆ ಸೀಮೆಯೇ.

ವೈನ್ ತೆಳುವಾಗುವುದಕ್ಕೆ ದ್ರಾಕ್ಷಿಯ ಗುಣ ಒಂದು ಕಾರಣವಾದರೆ, ಮಾಡುವ ಕ್ರಮ ಇನ್ನೊಂದು. ಸಾಮಾನ್ಯವಾಗಿ ಕೆಂಪು ವೈನಿಗೆ ಹಣ್ಣನ್ನು ಗೊಂಚಲಿನಿಂದ ಬಿಡಿಸಿ, ಜಜ್ಜಿ, ಸಿಪ್ಪೆಯೊಂದಿಗೇ ಹುದುಗಿಸುತ್ತಾರೆ. ಬೋಜೊಲೆಯಲ್ಲಿ ಇಡೀ ಗೊಂಚಲುಗಳನ್ನೇ ತೊಟ್ಟಿಗೆ ತುಂಬುವ ಪದ್ಧತಿಯಿದೆ. ಮೇಲಿನ ಭಾರಕ್ಕೆ ತಳದ ಹಣ್ಣುಗಳು ಒಡೆದು ಹುದುಗಲು ತೊಡಗುತ್ತವೆ. ಅದರಿಂದ ಎದ್ದ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನು ತುಂಬಿದಾಗ, ಮೇಲಿನ ಒಡೆಯದ ಹಣ್ಣುಗಳಲ್ಲಿ ಸಿಪ್ಪೆಯೊಳಗೇ ಬೇರೊಂದು ಬಗೆಯ ಹುದುಗುವಿಕೆ ನಡೆಯುತ್ತದೆ. ಹೀಗಾದಾಗ ಸಿಪ್ಪೆಯ ಒಗರು ಹೆಚ್ಚು ಇಳಿಯುವುದಿಲ್ಲ, ಹಣ್ಣಿನ ಘಮ ಮಾತ್ರ ಎದ್ದು ನಿಲ್ಲುತ್ತದೆ. ಕೆಲವು ಬಾಟಲಿಗಳಲ್ಲಿ ಬಾಳೆಹಣ್ಣಿನ ವಾಸನೆ ಬರುವುದೂ ಈ ಕ್ರಮದಿಂದಲೇ ಎನ್ನುತ್ತಾರೆ. ನನಗೆ ಆ ವಾಸನೆ ಅಷ್ಟಾಗಿ ಹಿಡಿಸುವುದಿಲ್ಲ.

ಪ್ರತಿ ವರ್ಷ ನವೆಂಬರ್ ತಿಂಗಳ ಮೂರನೇ ಗುರುವಾರ ಬಿಡುಗಡೆಯಾಗುವ 'ಬೋಜೊಲೆ ನೂವೊ' ಎಂಬ ಹೊಸ ವೈನಿನ ಗದ್ದಲವನ್ನು ಹಲವರು ಕೇಳಿರಬಹುದು. ಸುಗ್ಗಿ ಮುಗಿದು ಕೆಲವೇ ವಾರಗಳಲ್ಲಿ ಮಾರುಕಟ್ಟೆಗೆ ಬರುವ ಈ ವೈನ್ ಆ ಸೀಮೆಗೆ ಹೆಸರು ತಂದುಕೊಟ್ಟಿತು, ಅಷ್ಟೇ ಪ್ರಮಾಣದಲ್ಲಿ ಹೆಸರು ಕೆಡಿಸಿತು ಕೂಡ ಎಂದು ನನಗೆ ಅನ್ನಿಸುತ್ತದೆ. ಅದನ್ನೊಂದು ಸಲ ಕುಡಿದು ಇಡೀ ಬೋಜೊಲೆಯೇ ಇಷ್ಟು ಎಂದು ಕೈಬಿಟ್ಟವರು ಬಹಳ. ಉತ್ತರ ಭಾಗದ ಹತ್ತು ಊರು-ಗುಡ್ಡಗಳ ವೈನಿಗೆ ಅಲ್ಲಿ ಮೇಲ್ದರ್ಜೆಯ ಮಾನ್ಯತೆಯಿದೆ. ಮೋರ್ಗೊಂ, ಫ್ಲೂರಿ, ಬ್ರೂಯಿ, ಶಿರೂಬ್ಲ್, ಮೂಲಾಂ-ಅ-ವಾಂ ಅವುಗಳಲ್ಲಿ ಕೆಲವು. ಅವುಗಳ ಲೇಬಲ್ಲಿನಲ್ಲಿ ಎದ್ದು ಕಾಣುವುದು ಊರಿನ ಹೆಸರೇ. 'ಬೋಜೊಲೆ' ಎಂಬುದು ಎಷ್ಟೋ ಸಲ ಇರುವುದೇ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಊರಿನ ಹೆಸರನ್ನೇ ಹುಡುಕಬೇಕು.

ಇನ್ನು ರುಚಿ ನೋಡುವ ಮಾತು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕೆಂಬ ನಿಯಮ ಹುಟ್ಟಿದ್ದು ಯುರೋಪಿನ ತಂಪು ಮನೆಗಳಲ್ಲಿ. ಬೇಸಿಗೆಯ ಬೆಂಗಳೂರಿನ ಕೋಣೆಗೆ ಅದನ್ನು ಅನ್ವಯಿಸಿದರೆ ವೈನ್ ಕೆಡುತ್ತದೆ. ಬೆಚ್ಚಗಾದಷ್ಟೂ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣು ಮಂಕಾಗುತ್ತದೆ. ಒಗರು ಜಾಸ್ತಿಯಿರುವ ವೈನನ್ನು ತೀರಾ ತಣಿಸಿದರೆ ಆ ಒಗರು ಇನ್ನೂ ಒರಟಾಗುತ್ತದೆ, ಆದರೆ ಗಾಮೆಯಲ್ಲಿ ಆ ಭಯವಿಲ್ಲ. ಕುಡಿಯುವ ಮೊದಲು ಒಂದೂವರೆ-ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ಸುಮಾರು 12ರಿಂದ 14 ಡಿಗ್ರಿಗೆ ಇಳಿಸಿ ಸುರಿಯಿರಿ. ಆತುರವಿದ್ದರೆ ಐಸು ಬೆರೆಸಿದ ನೀರಿನಲ್ಲಿ ಕಾಲು ಗಂಟೆ ಮುಳುಗಿಸಿಟ್ಟರೂ ಆದೀತು.

ಒಂದು ಫ್ಲೂರಿಯನ್ನು ಹೀಗೆ ತಣಿಸಿ ಗ್ಲಾಸಿನ ಮೂರನೇ ಒಂದು ಭಾಗಕ್ಕೆ ಮಾತ್ರ ಸುರಿದುಕೊಳ್ಳಿ. ಗ್ಲಾಸನ್ನು ಓರೆ ಮಾಡಿ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರಗಳನ್ನು ಓದಬಹುದು. ಅಂಚಿನಲ್ಲಿ ನೇರಳೆಯ ಛಾಯೆ ಕಂಡರೆ ವೈನ್ ಎಳೆಯದು. ಗ್ಲಾಸನ್ನು ಅಲುಗಿಸುವ ಮೊದಲೊಮ್ಮೆ, ಅಲುಗಿಸಿದ ಮೇಲೊಮ್ಮೆ ಮೂಗಿಗೆ ಹಿಡಿಯಿರಿ: ಮೊದಲು ಸ್ಟ್ರಾಬೆರಿ, ಚೆರಿಯಂಥ ಹಣ್ಣುಗಳು, ಆಮೇಲೆ ಹೂವಿನದೊಂದು ನವಿರಾದ ಘಮ. ಗುಟುಕನ್ನು ತಕ್ಷಣ ನುಂಗದೆ ನಾಲಿಗೆಯ ಮೇಲೆ ಹೊರಳಿಸಿದರೆ ನಾಲಿಗೆಯ ಬದಿಗಳಲ್ಲಿ ನೀರೂರುತ್ತದೆ, ಅದು ಹುಳಿಯ ಕೆಲಸ. ಒಸಡು ಮತ್ತು ಕೆನ್ನೆಯ ಒಳಭಾಗ ಒಣಗಿದಂತಾಗುವುದು ಒಗರಿನಿಂದ. ಇಲ್ಲಿ ಅದು ಬಂದೂ ಬಾರದಂತೆ ಬಂದು ಹೋಗುತ್ತದೆ. ಮೋರ್ಗೊಂ ಆದರೆ ಹಿಡಿತ ಇನ್ನಷ್ಟು ಗಟ್ಟಿ, ಮೂಲಾಂ-ಅ-ವಾಂ ಕೆಲವು ವರ್ಷ ಕಾದರೂ ತಾಳುವಂಥದ್ದು. ಬಾಯಲ್ಲಿ ನೀರೂರಿಸುವ ಈ ಗುಣವೇ ಊಟಕ್ಕೆ ಬೇಕಾದದ್ದು, ಏಕೆಂದರೆ ಅದು ಮುಂದಿನ ತುತ್ತಿಗೆ ಬಾಯನ್ನು ಸಜ್ಜುಮಾಡುತ್ತದೆ.

ಲಿಯಾನಿನ ಬೂಶೊಂಗಳಲ್ಲಿ, ಅಂದರೆ ಅಲ್ಲಿನ ಸಣ್ಣ ಸಾಂಪ್ರದಾಯಿಕ ಊಟದ ಮನೆಗಳಲ್ಲಿ, ಈ ವೈನನ್ನು ದಪ್ಪ ತಳದ 46 ಸೆಂಟಿಲೀಟರ್ ಬಾಟಲಿಯಲ್ಲಿ ಆಡಂಬರವಿಲ್ಲದೆ ತಂದಿಡುತ್ತಾರೆ. ಜೊತೆಗೆ ಹಂದಿಮಾಂಸದ ಸಾಸೇಜು, ಕೊಬ್ಬಿನ ಹುರಿದ ತುಣುಕುಗಳು, ಹುರಿದ ಕೋಳಿ, ಸೊಪ್ಪು ಬೆರೆಸಿದ ತಾಜಾ ಚೀಸ್. ಉಪ್ಪು ಮತ್ತು ಕೊಬ್ಬು ತುಂಬಿದ ಊಟ, ಅದನ್ನು ಕತ್ತರಿಸಿ ಹಗುರಾಗಿಸುವ ಹುಳಿಯ ವೈನ್. ಈ ಜೋಡಿಯನ್ನು ಯಾವ ಪರಿಣತರೂ ಕೂತು ಹೊಂದಿಸಿದ್ದಲ್ಲ, ಅಕ್ಕಪಕ್ಕದ ಹೊಲ ಮತ್ತು ಅಡುಗೆಮನೆ ಹೊಂದಿಸಿದ್ದು.

ಅದೇ ತರ್ಕವನ್ನು ನಮ್ಮ ತಟ್ಟೆಗೆ ತಂದರೆ ಮೊದಲು ಎದುರಾಗುವುದು ಖಾರ. ಆಲ್ಕೋಹಾಲು ಹೆಚ್ಚಿದಷ್ಟೂ ಮೆಣಸಿನಕಾಯಿಯ ಉರಿ ಹೆಚ್ಚುತ್ತದೆ, ಒಗರು ಆ ಉರಿಯ ಮೇಲೆ ಒರಟಾಗಿ ಉಜ್ಜುತ್ತದೆ. ಆದ್ದರಿಂದ "ಮಸಾಲೆ ಅಡುಗೆಗೆ ಗಟ್ಟಿ ಕೆಂಪು ವೈನ್" ಎಂಬ ಸಲಹೆ ನನಗೆ ತಲೆಕೆಳಗಾಗಿ ಕಾಣುತ್ತದೆ. ತಣ್ಣಗಿರುವ ತೆಳು ವೈನ್ ಖಾರದೊಂದಿಗೆ ಜಗಳಕ್ಕಿಳಿಯುವುದಿಲ್ಲ; ಆದರೂ ಆಂಧ್ರ ಶೈಲಿಯ ಕೋಳಿ ಫ್ರೈ ಮುಂದೆ ಯಾವ ವೈನೂ ನಿಲ್ಲಲಾರದು, ಅಲ್ಲಿ ಮಜ್ಜಿಗೆಯೇ ಸರಿ. ಕೊಡಗಿನ ಪಂದಿ ಕರಿ ನನ್ನ ಮೊದಲ ಆಯ್ಕೆ. ಅದಕ್ಕೆ ಹಾಕುವ ಕಾಚಂಪುಳಿ ಎಂಬ ಕಡುಹುಳಿ ರಸ ಎದುರಿಗಿರುವಾಗ ಹುಳಿಯಿಲ್ಲದ ವೈನ್ ಸಪ್ಪೆಯಾಗುತ್ತದೆ, ಗಾಮೆ ಸಪ್ಪೆಯಾಗುವುದಿಲ್ಲ. ಹಂದಿಯ ಕೊಬ್ಬನ್ನೂ ಅದೇ ಹುಳಿ ಇಳಿಸುತ್ತದೆ. ಕರಿಮೆಣಸಿನ ಪ್ರಮಾಣದಲ್ಲಿ ಮಾತ್ರ ಸ್ವಲ್ಪ ಕೈಹಿಡಿತವಿರಲಿ. ಸಸ್ಯಾಹಾರಿಗಳು ಬೆಣ್ಣೆಯಲ್ಲಿ ಹುರಿದ ಅಣಬೆ, ಬಿಸಿ ಅಂಬೊಡೆ, ಕಡಲೆಕಾಯಿ ಹಾಕಿದ ನಿಪ್ಪಟ್ಟಿನ ಜೊತೆ ಪ್ರಯತ್ನಿಸಬಹುದು. ನಿಪ್ಪಟ್ಟು ಎಂದರೆ ನಗಬೇಡಿ, ಉಪ್ಪು ಮತ್ತು ಎಣ್ಣೆ ಕೇಳುವುದು ಹುಳಿಯನ್ನೇ.

ಮೀನಿನ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ವೈನಿನಲ್ಲಿರುವ ಕಬ್ಬಿಣದ ಅಂಶವೇ ಸಮುದ್ರದ ಆಹಾರದೊಂದಿಗೆ ಸೇರಿ ಬಾಯಲ್ಲಿ ಮೀನುನಾತ ಉಳಿಸುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಕಬ್ಬಿಣ ಎಷ್ಟಿದೆಯೆಂಬುದನ್ನು ಲೇಬಲ್ಲು ಹೇಳುವುದಿಲ್ಲವಾದ್ದರಿಂದ, ಬಂಗುಡೆಯ ದಿನ ಬಿಳಿ ವೈನನ್ನೇ ತೆಗೆಯಿರಿ. ಕೆಂಪು ಬಾಟಲಿ ಆಗಲೇ ತೆರೆದಿದ್ದರೆ ಬಿರಡೆ ಒತ್ತಿ ಫ್ರಿಜ್ಜಿಗೆ ಸೇರಿಸಿ, ಮಾರನೆಯ ದಿನದ ಊಟಕ್ಕೂ ಅದು ಚೆನ್ನಾಗಿಯೇ ಇರುತ್ತದೆ.