ಸಹಾಬಿಗಳಿಗೆ ಪ್ಲೇಗ್ ತಗಲಲಿಲ್ಲ ಅನ್ನೋ ಮೆಸೇಜ್ ಸುಳ್ಳು

ಪ್ರವಾದಿಯವರ ಸಂಗಡಿಗರಾದ ಸಹಾಬಿಗಳಿಗೆ ಪ್ಲೇಗ್ ತಗಲಲೇ ಇಲ್ಲ, ಖಲೀಫ ಉಮರ್ ಮಾತ್ರ ಹೆದರಿ ಓಡಿದರು ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಕ್ರಿ.ಶ. 638-39ರ ಹೊತ್ತಿಗೆ ಜೆರುಸಲೇಮಿನ ಪಶ್ಚಿಮಕ್ಕಿದ್ದ ಅಮ್ವಾಸ್‌ನಲ್ಲಿ ಅರಬ್ ಸೈನ್ಯಕ್ಕೆ ಪ್ಲೇಗ್ ಬಡಿಯಿತು, ಸಿರಿಯಾದ ಬೇರೆ ಕಡೆಗೂ ಹಬ್ಬಿತು. ಸೇನಾಧಿಪತಿ ಅಬೂ ಉಬೈದಾ ತೀರಿಕೊಂಡರು. ಅವರ ಜಾಗಕ್ಕೆ ಬಂದ ಮುಆದ್ ಬಿನ್ ಜಬಲ್ ಕೂಡ ಪ್ಲೇಗ್‌ಗೆ ಬಲಿಯಾದರು, ಆಮೇಲೆ ಯಜೀದ್ ಬಿನ್ ಅಬೀ ಸುಫ್ಯಾನ್. (ಕರ್ಬಲಾ ಯುದ್ಧದ ಯಜೀದ್ ಅಲ್ಲ, ಅವನ ದೊಡ್ಡಪ್ಪ.) ಮೂವರೂ ಸಹಾಬಿಗಳೇ. ಈ ಯಜೀದರ ತಮ್ಮ ಮುಆವಿಯಾ ಕೈಗೆ ಸಿರಿಯಾ ಬಂದದ್ದೇ ಹೀಗೆ, ಮುಂದೆ ಉಮಯ್ಯದ್ ರಾಜವಂಶ ಬೆಳೆದದ್ದೂ ಅಲ್ಲಿಂದಲೇ. ಸತ್ತವರು 25,000 ಎಂದು ಹಳೆಯ ಅರಬ್ಬಿ ಬರಹಗಳು ಹೇಳುತ್ತವೆ, ಅದನ್ನು ತಲೆ ಎಣಿಸಿದ ಲೆಕ್ಕ ಅಂದುಕೊಳ್ಳಬೇಡಿ.

ಇನ್ನು ಉಮರ್ ಓಡಿದ್ದಲ್ಲ. ಸಿರಿಯಾಗೆ ಹೊರಟವರು ದಾರಿಯ ಸರ್ಗ್ ಎಂಬಲ್ಲಿ ಪ್ಲೇಗ್ ಸುದ್ದಿ ಕೇಳಿ, ಜೊತೆಯವರನ್ನೆಲ್ಲ ವಿಚಾರಿಸಿ ವಾಪಸಾದರು. ದೇವರ ವಿಧಿಯಿಂದ ಓಡ್ತೀರಾ ಅಂತ ಕೇಳಿದ್ದು ಅದೇ ಅಬೂ ಉಬೈದಾ. ಹೌದು, ದೇವರ ವಿಧಿಯಿಂದ ದೇವರ ವಿಧಿಯ ಕಡೆಗೇ ಅಂದರು ಉಮರ್. ರೋಗ ಇರುವ ಊರಿಗೆ ಹೋಗಬೇಡಿ, ನೀವಿರುವಲ್ಲೇ ಬಂದರೆ ಬಿಟ್ಟು ಓಡಬೇಡಿ ಎಂಬ ಪ್ರವಾದಿಯವರ ಮಾತನ್ನು ಇನ್ನೊಬ್ಬ ಸಹಾಬಿ ಅಬ್ದುರ್ರಹ್ಮಾನ್ ಬಿನ್ ಔಫ್ ನೆನಪಿಸಿದ್ದೂ ಅಲ್ಲೇ. ಮೆಸೇಜ್ ಕಳಿಸುವವರು ಇದನ್ನೂ ಸೇರಿಸಬಹುದಿತ್ತು, ಅಲ್ವಾ?