ಕರುಣೆಗೆ ಎರಡು ಕ್ರೆಡಿಟ್

ಡಾಕ್ಟರುಗಳಿಗೆ ಮಾನವೀಯತೆ ಬರುವ ವಯಸ್ಸು ಅರವತ್ತು. ಕೂದಲು ನರೆತ ಹಾಗೆ ತಾನಾಗೇ ಬರುತ್ತದೆ. ಮೈಸೂರಿನ ಯಾವ ಸಭಾಂಗಣಕ್ಕೆ ಬೇಕಾದರೂ ಹೋಗಿ ನೋಡಿ. ನಿವೃತ್ತ ಡಾಕ್ಟರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಮೈಕು. ‘ರೋಗಿಯನ್ನು ಮೊದಲು ಮನುಷ್ಯ ಅಂತ ನೋಡಿ’ ಎಂದು ಅವರ ಗಂಟಲು ಕಟ್ಟುತ್ತದೆ. ಅವರ ಹಳೇ ರೋಗಿಗಳೂ ಹಿಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಡಾಕ್ಟರ ಪೂರ್ತಿ ಮುಖ ನೋಡಿದ್ದು ಅವರೂ ಅವತ್ತೇ ಮೊದಲು.

ಈಗ ಅಷ್ಟು ವರ್ಷ ಕಾಯಬೇಕಿಲ್ಲ. 2019ರಿಂದ ಎಂಬಿಬಿಎಸ್‌ನಲ್ಲೇ ನಡವಳಿಕೆ, ನೀತಿ, ರೋಗಿ ಜೊತೆ ಮಾತು ಅಂತ ಪಾಠ ಇದೆ. ಓದಿ ಮುಗಿಸಿದವರಿಗೆ ಐದು ವರ್ಷಕ್ಕೆ 30 ಕ್ರೆಡಿಟ್ ಅವರ್ ಲೆಕ್ಕ, ಅಂದರೆ ಕಾರ್ಯಾಗಾರ, ಸಮ್ಮೇಳನಗಳಲ್ಲಿ ಕೂತು ಕಲಿತದ್ದಕ್ಕೆ ಸಿಗುವ ಅಂಕ. ಹಾಗಾಗಿ ಭಾನುವಾರ ಎಸಿ ಹೋಟೆಲಿನಲ್ಲಿ ಕರುಣೆಯ ಸ್ಲೈಡು, ಮಧ್ಯಾಹ್ನ ಬಫೆ, ಸಂಜೆ ಸರ್ಟಿಫಿಕೇಟು. ಕರುಣೆಗೆ ಎರಡು ಕ್ರೆಡಿಟ್ ಅಂತಿಟ್ಟುಕೊಳ್ಳಿ. ಊಟಕ್ಕಂತೂ ಯಾರ ದೂರೂ ಇರುವುದಿಲ್ಲ.

ಸೋಮವಾರ ಓಪಿಡಿ, ಅಂದರೆ ಹೊರರೋಗಿಗಳ ವಿಭಾಗ. ಪಾಂಡವಪುರದ ಕಡೆಯ ಅಜ್ಜಿಯೊಬ್ಬರು ಮೊದಲ ಬಸ್ಸಿಗೆ ಬಂದು, ಚೀಟಿ ಮಾಡಿಸಿ, ಹನ್ನೊಂದೂವರೆಗೆ ಸ್ಟೂಲು ಮುಟ್ಟಿದ್ದಾರೆ. ಎದುರಿಗೆ ನಿನ್ನೆ ಬೆಳಗ್ಗೆಯಿಂದ ಡ್ಯೂಟಿಯಲ್ಲೇ ಇರುವ ಪಿಜಿ ಹುಡುಗ, ಅಂದರೆ ಎಂಬಿಬಿಎಸ್ ಮುಗಿಸಿ ಮುಂದಿನ ಡಿಗ್ರಿ ಓದುತ್ತಿರುವ ಡಾಕ್ಟರು.

‘ಏನಜ್ಜಿ ತೊಂದರೆ?’

‘ಮೊದ್ಲು ಮಂಡಿ ನೋಯ್ತಿತ್ತು ಕನಪ್ಪ. ಆಮ್ಯಾಕೆ ನಮ್ ದೊಡ್ಮಗ ಜಮೀನು ಭಾಗ ಕೇಳ್ದ ನೋಡು, ಅವತ್ತಿಂದ ನಿದ್ದೇನೆ…’

‘ಬಿಪಿ, ಶುಗರ್ ಇದ್ಯಾ?’

1984ರಲ್ಲೇ ಅಮೆರಿಕದ ಇಬ್ಬರು ಸಂಶೋಧಕರು ಇದನ್ನು ಅಳೆದಿದ್ದರು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಾರಂತೆ. ನಮ್ಮ ಹುಡುಗ ಅಷ್ಟು ಕಾಯಲಿಲ್ಲ. ಕಾದಿದ್ದರೆ ಹೊರಗಿನ ಸಾಲು ಬಾಗಿಲು ಕಿತ್ತುಕೊಂಡು ಒಳಗೆ ಬರುತ್ತಿತ್ತು. 2017ರಲ್ಲಿ ಡಾಕ್ಟರು ರೋಗಿಗೆ ಕೊಡುವ ಒಟ್ಟು ಸಮಯದ ದೇಶದೇಶಗಳ ಲೆಕ್ಕವೂ ಬಂತು. ಸ್ವೀಡನ್‌ನಲ್ಲಿ ಒಬ್ಬ ರೋಗಿಗೆ 22 ನಿಮಿಷಕ್ಕೂ ಜಾಸ್ತಿ, ನಮ್ಮಲ್ಲಿ ಎರಡು ನಿಮಿಷ ಚಿಲ್ಲರೆ. ಬಾಂಗ್ಲಾದಲ್ಲಿ 48 ಸೆಕೆಂಡು ಅಂತ ಓದಿ ನಾವು ಸಮಾಧಾನ ಮಾಡಿಕೊಳ್ಳಬಹುದು.

ಆ ಎರಡು ನಿಮಿಷದೊಳಗೆ ಹುಡುಗ ನಗಬೇಕು, ಕಣ್ಣಿಗೆ ಕಣ್ಣು ಕೊಟ್ಟು ಕೇಳಬೇಕು, ಮಾತ್ರೆಯ ಕಂಪನಿ ಹೆಸರಲ್ಲ, ಔಷಧದ ಜನರಿಕ್ ಹೆಸರನ್ನು ಓದಲು ಬರುವ ಹಾಗೆ ಬರೆಯಬೇಕು. ಪಾಪ, ಅವನಿಗೆ ಬೇಕಾಗಿದ್ದದ್ದು ಒಂದು ರಾತ್ರಿ ನಿದ್ದೆ, ಪಕ್ಕದ ಕುರ್ಚಿಗೆ ಇನ್ನೊಬ್ಬ ಡಾಕ್ಟರು. ಸಿಕ್ಕಿದ್ದು ಸಹಾನುಭೂತಿಯ ಕಾರ್ಯಾಗಾರ. ಇನ್ನೊಬ್ಬ ಡಾಕ್ಟರಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಬ್ಯಾನರಿಗೆ ಒಂದೇ ಸಲ ದುಡ್ಡು, ಅಲ್ವಾ?

ದುಡ್ಡಿದ್ದವರು ಹೋಗುವ ಆಸ್ಪತ್ರೆಗಳಲ್ಲಿ ನಗು ಧಾರಾಳ, ಅದೂ ರಿಸೆಪ್ಷನ್‌ನಲ್ಲೇ. ಡಿಸ್ಚಾರ್ಜ್ ದಿನ ಒಂದು ಫಾರಂ ಕೊಡುತ್ತಾರೆ: ‘ವೈದ್ಯರು ಆತ್ಮೀಯವಾಗಿ ಮಾತಾಡಿದರೇ?’ ಜೊತೆಗೇ ಬಿಲ್ಲು. ಹತ್ತಿ, ಸಿರಿಂಜು, ಕೈಗವಸು, ಒಂದೊಂದಕ್ಕೂ ಒಂದೊಂದು ಸಾಲು. ಆತ್ಮೀಯತೆಗೆ ಮಾತ್ರ ಸಾಲು ಕಾಣಲಿಲ್ಲ. ಜಿಎಸ್‌ಟಿ ಎಷ್ಟು ಹಾಕಬೇಕು ಅಂತ ಇನ್ನೂ ಗೊತ್ತಾಗಿಲ್ಲವೇನೋ.

ಇನ್ನು ಮಂಡ್ಯದ ಶಂಕರೇಗೌಡರು. ಚರ್ಮದ ಡಾಕ್ಟರು, ಐದು ರೂಪಾಯಿ ಡಾಕ್ಟರು ಅಂತಲೇ ಹೆಸರುವಾಸಿ. ಈ ಭಾಗದಲ್ಲಿ ಅವರ ಹೆಸರೆತ್ತದೆ ಮಾನವೀಯತೆಯ ಭಾಷಣ ಮುಗಿಯುವುದೇ ಕಷ್ಟ. ಉದಾಹರಣೆಗೆ ಅವರು ಎಲ್ಲರಿಗೂ ಬೇಕು, ಫೀಸು ಮಾತ್ರ ಯಾರಿಗೂ ಬೇಡ.

ಮುಂದಿನ ಕಾರ್ಯಾಗಾರದ ವಿಷಯ ‘ರೋಗಿಯ ಮಾತು ಆಲಿಸುವುದು ಹೇಗೆ’ ಅಂತಾದರೆ ಆಶ್ಚರ್ಯವಿಲ್ಲ. ಉದ್ಘಾಟಕರು, ಅಧ್ಯಕ್ಷರು, ಐದು ಜನ ಮುಖ್ಯ ಅತಿಥಿಗಳು. ಎಲ್ಲರೂ ಮಾತಾಡಬೇಕಲ್ಲ, ಹಾಗಾಗಿ ಪ್ರಶ್ನೋತ್ತರಕ್ಕೆ ಟೈಮ್ ಇರುವುದಿಲ್ಲ.